ಗಂಜಿಯ ಬಟ್ಟಲು, ಮದ್ದಿನ ಕುಡಿಕೆ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಅದು ನಮ್ಮ ನೆನಪಿಗೆ ಬರುವುದು ಸಾಮಾನ್ಯವಾಗಿ ಹಬ್ಬದ ಊಟ ಮುಗಿದು, ಹೋಳಿಗೆಯ ಭಾರಕ್ಕೆ ಕಣ್ಣು ಎಳೆಯುತ್ತಿರುವಾಗ, ಎಲೆಯಡಿಕೆಯ ತಟ್ಟೆಯ ಮುಂದೆ. ಆ ದಿನದ ಮಟ್ಟಿಗಂತೂ ಗಾದೆಯಿಂದ ಪ್ರಯೋಜನವಿಲ್ಲ. ಮರುದಿನ ಅದು ಮರೆತೇ ಹೋಗಿರುತ್ತದೆ. ನಮ್ಮ ನೆರೆಯ ಚೀನೀಯರಾದರೋ ಇದೇ ಅರ್ಥದ ಮಾತೊಂದನ್ನು ಹಿಡಿದು, ಎರಡು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಅದರ ಬೆನ್ನುಹತ್ತಿ, ಅದಕ್ಕೊಂದು ಶಾಸ್ತ್ರವನ್ನು ಕಟ್ಟಿ, ಗ್ರಂಥಗಳನ್ನು ಬರೆದು, ಅಡುಗೆಮನೆಯನ್ನು ಔಷಧಶಾಲೆಯ ಮೊದಲ ಅಂಕಣವನ್ನಾಗಿ ಮಾಡಿಕೊಂಡರು. ಆಹಾರಕ್ಕೂ ಔಷಧಕ್ಕೂ ಮೂಲ ಒಂದೇ ಎಂಬುದು ಅಲ್ಲಿ ಇಂದು ಮನೆಮಾತಾಗಿದೆ.

ಈ ವಾರ ಆ ಅಡುಗೆಮನೆಯೊಳಗೆ ಒಮ್ಮೆ ಇಣುಕಿ ನೋಡೋಣ. ಇದು ಬರಿಯ ಕುತೂಹಲದ ಮಾತಲ್ಲ. ಚೀನಾದ ಒಣ ಗೋಜಿ ಹಣ್ಣು, ಜಿನ್ಸೆಂಗ್ ಬೇರಿನ ಪುಡಿ ಮೊದಲಾದುವು ಈಗ ನಮ್ಮ ನಗರಗಳ ಅಂಗಡಿಗಳಿಗೂ, ಕೈಯೊಳಗಿನ ಮೊಬೈಲಿನ ಮೂಲಕ ಮನೆಬಾಗಿಲಿಗೂ ಬರುತ್ತಿವೆ. ಸರಕು ಬಂದಷ್ಟು ಸುಲಭವಾಗಿ ಅದರ ಹಿಂದಿನ ವಿವೇಕ ಬರುವುದಿಲ್ಲ. ಅದನ್ನು ನಾವೇ ಹುಡುಕಿ ತರಬೇಕು.

ಜೌ ವಂಶದ ಆಡಳಿತವನ್ನು ವರ್ಣಿಸುವ 'ಜೌ ಲೀ' ಎಂಬ ಕ್ರಿಸ್ತಪೂರ್ವ ಕಾಲದ ಗ್ರಂಥವೊಂದುಂಟು. ಅರಮನೆಯಲ್ಲಿ ಯಾವ ಯಾವ ಅಧಿಕಾರಿಗಳಿರಬೇಕು, ಅವರ ಕೆಲಸವೇನು ಎಂಬುದನ್ನು ಅದು ಪಟ್ಟಿಮಾಡುತ್ತದೆ. ಮುಖ್ಯ ವೈದ್ಯಾಧಿಕಾರಿಯ ಕೈಕೆಳಗೆ ಅಲ್ಲಿ ನಾಲ್ಕು ಬಗೆಯ ವೈದ್ಯರು: ಆಹಾರದ ವೈದ್ಯ, ಕಾಯಿಲೆಯ ವೈದ್ಯ, ಹುಣ್ಣು-ಗಾಯಗಳ ವೈದ್ಯ, ಪಶುವೈದ್ಯ. ಈ ಅನುಕ್ರಮವನ್ನು ವಾಚಕರು ಗಮನಿಸಬೇಕು. ಆಹಾರದ ವೈದ್ಯನ ಹೆಸರು ಮೊದಲು ಬರುತ್ತದೆ. ಅನ್ನ, ಸಾರು, ಗೊಜ್ಜು, ಪಾನೀಯ ಇವುಗಳಲ್ಲಿ ಒಂದೊಂದರ ಬಿಸಿ-ತಂಪುಗಳನ್ನೂ ಒಂದೊಂದು ಋತುವಿನೊಡನೆ ಹೋಲಿಸಿ, ಯಾವುದು ಎಷ್ಟು ಬೆಚ್ಚಗಿರಬೇಕೆಂಬುದನ್ನು ನೋಡಿಕೊಳ್ಳುವುದು ಅವನ ಕೆಲಸ. ರೋಗ ಬಂದಮೇಲೆ ಓಡಿಬರುವವನು ಅವನಲ್ಲ. ರೋಗಕ್ಕೆ ದಾರಿಯಾಗದಂತೆ ತಟ್ಟೆಯ ಪಕ್ಕದಲ್ಲಿ ಕಾವಲಿರುವವನು.

ಈ ಶಾಸ್ತ್ರದ ತಳಹದಿ ನಮಗೆ ತೀರ ಅಪರಿಚಿತವೇನಲ್ಲ. 'ಹಳದಿ ಚಕ್ರವರ್ತಿಯ ಒಳಗಿನ ಶಾಸ್ತ್ರ' ಎಂದು ಹೆಸರಾದ ಪ್ರಾಚೀನ ವೈದ್ಯಗ್ರಂಥದಲ್ಲಿ ಅದರ ರೂಪರೇಖೆಗಳು ನಿಂತವು. ದೇಹದಲ್ಲಿ 'ಚೀ' ಎಂಬ ಪ್ರಾಣಶಕ್ತಿ ಹರಿಯುತ್ತದೆ. ಯಿನ್ ಮತ್ತು ಯಾಂಗ್ ಎಂಬ ತಂಪು-ಬಿಸಿಗಳ, ನೆರಳು-ಬೆಳಕುಗಳ ಸಮತೋಲದಲ್ಲಿ ಆರೋಗ್ಯವಿದೆ. ಆ ಸಮತೋಲ ಕೆಟ್ಟಾಗ ಕಾಯಿಲೆ ತಲೆದೋರುತ್ತದೆ. ಆದುದರಿಂದ ಪ್ರತಿಯೊಂದು ಆಹಾರ ಪದಾರ್ಥಕ್ಕೂ ಒಂದು ಸ್ವಭಾವವುಂಟು: ಶೀತ, ತಂಪು, ಬೆಚ್ಚನೆಯದು, ಉಷ್ಣ, ಇವೆಲ್ಲದರ ನಡುವೆ ಸಮ. ಕಲ್ಲಂಗಡಿ, ಸೌತೆ, ಹಾಗಲ, ಹೆಸರುಕಾಳು ಇವು ತಂಪಿನ ಕಡೆಗೆ; ಶುಂಠಿ, ಮೆಣಸು, ಕುರಿಮಾಂಸ ಇವು ಉಷ್ಣದ ಕಡೆಗೆ; ಅಕ್ಕಿ ನಡುವಿನದು. ಸ್ವಭಾವದ ಜೊತೆಗೆ ರುಚಿಯ ಲೆಕ್ಕವೂ ಇದೆ. ಹುಳಿ ಯಕೃತ್ತಿಗೆ, ಕಹಿ ಹೃದಯಕ್ಕೆ, ಸಿಹಿ ಗುಲ್ಮಕ್ಕೆ, ಖಾರ ಶ್ವಾಸಕೋಶಕ್ಕೆ, ಉಪ್ಪು ಮೂತ್ರಪಿಂಡಕ್ಕೆ ಸೇರಿದುದೆಂದು ಐದು ರುಚಿಗಳನ್ನು ಐದು ಅಂಗಗಳಿಗೆ ಹಂಚಿದ್ದಾರೆ.

ಪಪ್ಪಾಯಿ ಉಷ್ಣ, ಎಳನೀರು ತಂಪು ಎಂದು ಮಾತಿಗೊಮ್ಮೆ ಹೇಳುವ ನಮ್ಮ ಮನೆಯ ಹಿರಿಯರಿಗೆ ಇದೆಲ್ಲ ಹೊಸ ಭಾಷೆಯೆನಿಸದು. ಚೀನೀಯರ ವಿಶೇಷವೇನೆಂದರೆ, ಈ ಲೆಕ್ಕವನ್ನು ಅವರು ಅಡುಗೆಯ ರುಚಿಯೊಳಗೇ ಬೆಸೆದುಬಿಟ್ಟರು. ಏಡಿಯನ್ನು ಅವರು ಬಹು ಶೀತವೆಂದು ಎಣಿಸುತ್ತಾರೆ. ಆದುದರಿಂದ ಅದನ್ನು ಶುಂಠಿ ಮತ್ತು ಹುಳಿಯ ಕಾಡಿಯೊಡನೆ ಬಡಿಸುತ್ತಾರೆ, ಬೆಚ್ಚಗೆ ಕಾಯಿಸಿದ ಅಕ್ಕಿಯ ಮದ್ಯವನ್ನು ಜೊತೆಗಿಡುತ್ತಾರೆ. ತಿನ್ನುವವನಿಗೆ ಅದು ರುಚಿ, ವೈದ್ಯನಿಗೆ ಅದು ಸಮತೋಲ. ಎರಡೂ ಒಂದೇ ತಟ್ಟೆಯಲ್ಲಿ ಕೂಡಿಬರುವಾಗ ಪಥ್ಯವೆಂಬುದು ಶಿಕ್ಷೆಯಾಗಿ ಉಳಿಯುವುದಿಲ್ಲ.

ಇನ್ನು ಒಬ್ಬ ವೈದ್ಯನ ವಿಚಾರ. ಹಾನ್ ವಂಶದ ಕೊನೆಗಾಲದಲ್ಲಿ, ಕ್ರಿ.ಶ. 200ರ ಸುಮಾರಿಗೆ, ಜಾಂಗ್ ಜೋಂಗ್‌ಜಿಂಗ್ ಎಂಬಾತ ಜ್ವರಗಳನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಚೀನೀ ವೈದ್ಯರು ಇಂದಿಗೂ ಅದನ್ನು ಅಧ್ಯಯನ ಮಾಡುತ್ತಾರೆ. ಶೀತಗಾಳಿ ತಗುಲಿ, ಮೈ ಬಿಸಿಯಾಗಿ, ಬೆವರಿದರೂ ನೆಮ್ಮದಿಯಿಲ್ಲದ ರೋಗಿಗೆ ಆತ ಹೇಳಿದ ಕಷಾಯದಲ್ಲಿ ಐದೇ ಪದಾರ್ಥಗಳು: ಚಕ್ಕೆಯ ಮರದ ಎಳೆಯ ಕಡ್ಡಿ, ಪಿಯೊನಿ ಎಂಬ ಹೂಗಿಡದ ಬೇರು, ಜ್ಯೇಷ್ಠಮಧು, ಹಸಿಶುಂಠಿ, ಮತ್ತು ನಮ್ಮ ಎಲಚಿಯ ಕುಲಕ್ಕೇ ಸೇರಿದ ಕೆಂಪು ಹಣ್ಣು 12. ಪಿಯೊನಿಯೊಂದನ್ನು ಬಿಟ್ಟರೆ ಉಳಿದುವೆಲ್ಲ ಅಡುಗೆಮನೆಗೆ ಪರಿಚಿತವಾದುವು. ಕಷಾಯ ಕುಡಿದಮೇಲೆ ಏನು ಮಾಡಬೇಕೆಂಬುದನ್ನೂ ಆತ ಬರೆದಿದ್ದಾನೆ. ಸ್ವಲ್ಪ ಹೊತ್ತಿಗೆ ರೋಗಿ ಬಿಸಿಬಿಸಿಯಾದ ತೆಳು ಗಂಜಿಯನ್ನು ಕುಡಿಯಬೇಕು. ಸುಮಾರು ಎರಡು ಗಂಟೆ ಹೊದ್ದು ಮಲಗಬೇಕು. ಮೈ ನವಿರಾಗಿ ಬೆವರಬೇಕೇ ಹೊರತು ನೀರು ಹರಿಯುವಂತೆ ಬೆವರಬಾರದು. ಹಸಿಯ, ತಣ್ಣನೆಯ, ಜಿಡ್ಡಿನ ಪದಾರ್ಥಗಳನ್ನೂ ಮಾಂಸಮದ್ಯಗಳನ್ನೂ ಬಿಡಬೇಕು. ಔಷಧದ ಕೆಲಸವನ್ನು ಗಂಜಿ ಪೂರ್ತಿಮಾಡುತ್ತದೆ. ಗಂಜಿಯಿಲ್ಲದಿದ್ದರೆ ಚಿಕಿತ್ಸೆ ಅರ್ಧ. ಮಳೆಯಲ್ಲಿ ನೆನೆದು ಬಂದ ಮಗನಿಗೆ ಶುಂಠಿಯ ಕಷಾಯ ಕೊಟ್ಟು, ಮೇಲೆ ಗಂಜಿ ಕುಡಿಸಿ, ಕಂಬಳಿ ಹೊದಿಸುವ ತಾಯಿಯ ಚಿತ್ರ ಇದನ್ನು ಓದಿದಾಗ ಯಾರ ಕಣ್ಣಮುಂದೆ ನಿಲ್ಲುವುದಿಲ್ಲ?

ಇದೇ ಜಾಂಗ್ ಜೋಂಗ್‌ಜಿಂಗನ ಬಗ್ಗೆ ಉತ್ತರ ಚೀನಾದಲ್ಲಿ ಒಂದು ಐತಿಹ್ಯವುಂಟು. ಒಂದು ಚಳಿಗಾಲದಲ್ಲಿ ಆತ ತನ್ನ ಊರಾದ ನಾನ್‌ಯಾಂಗಿಗೆ ಮರಳಿದಾಗ ಬಡವರ ಕಿವಿಗಳು ಹಿಮದ ಚಳಿಗೆ ಸೆಟೆದು ಹುಣ್ಣಾಗಿದ್ದುವಂತೆ. ಆತ ಕುರಿಮಾಂಸವನ್ನೂ ಮೈ ಬೆಚ್ಚಗಾಗಿಸುವ ಮೂಲಿಕೆಗಳನ್ನೂ ಬೇಯಿಸಿ, ಕೊಚ್ಚಿ, ಹಿಟ್ಟಿನ ಹಾಳೆಯಲ್ಲಿ ಕಿವಿಯ ಆಕಾರಕ್ಕೆ ಮಡಿಚಿ, ಸಾರಿನೊಡನೆ ಎಲ್ಲರಿಗೂ ಹಂಚಿದನಂತೆ. ಚಳಿಗಾಲದ ಅತಿ ದೀರ್ಘರಾತ್ರಿಯ ದಿನ ಅಲ್ಲಿಯ ಮನೆಗಳಲ್ಲಿ ಕಡುಬಿನಂಥ ಜಿಯಾವ್‌ಜಿಯನ್ನು ತಿನ್ನುವುದಕ್ಕೆ ಇದೇ ಮೂಲವೆಂದು ಹೇಳುತ್ತಾರೆ. ಚರಿತ್ರೆಕಾರರು ಇದನ್ನು ಒಪ್ಪಬೇಕಾಗಿಲ್ಲ. ಆದರೆ ಒಂದು ಜನಾಂಗ ತನ್ನ ಹಬ್ಬದ ತಿಂಡಿಯನ್ನು ಒಬ್ಬ ವೈದ್ಯನ ಕೈಯಿಂದ ಪಡೆದೆವೆಂದು ನಂಬುವುದರಲ್ಲಿಯೇ ಅದರ ಮನಸ್ಸು ತಿಳಿಯುತ್ತದೆ.

ಆಹಾರವನ್ನು ಚಿಕಿತ್ಸೆಯ ಮೊದಲ ಮೆಟ್ಟಿಲೆಂದು ಸ್ಪಷ್ಟವಾಗಿ ಸಾರಿದವನು ತಾಂಗ್ ಕಾಲದ ಸುನ್ ಸಿಮಿಯಾವೊ. 682ರಲ್ಲಿ ತೀರಿಕೊಂಡ ಈ ಮಹಾವೈದ್ಯ ನೂರು ವರ್ಷ ಬದುಕಿದ್ದನೆಂದು ಪ್ರತೀತಿ. ಅರಮನೆಯ ಪದವಿಗಳನ್ನು ಒಲ್ಲೆನೆಂದ ಆತ 652ರ ಸುಮಾರಿಗೆ ಬರೆದ ಮುಖ್ಯ ಗ್ರಂಥದ ಹೆಸರಿನಲ್ಲಿ 'ಸಾವಿರ ಚಿನ್ನ' ಎಂಬ ಮಾತು ಬರುತ್ತದೆ. ಒಂದು ಪ್ರಾಣ ಸಾವಿರ ತೂಕದ ಚಿನ್ನಕ್ಕಿಂತ ಹೆಚ್ಚಿನದೆಂಬುದು ಅದರ ಇಂಗಿತ. ಆಹಾರ ಚಿಕಿತ್ಸೆಗೆ ಆ ಗ್ರಂಥದಲ್ಲಿ ಪ್ರತ್ಯೇಕ ಭಾಗವೇ ಉಂಟು. ವೈದ್ಯನಾದವನು ಮೊದಲು ರೋಗದ ಮೂಲವನ್ನು ತಿಳಿದು ಆಹಾರದಿಂದ ಅದನ್ನು ಸರಿಪಡಿಸಲು ಯತ್ನಿಸಬೇಕು, ಅದು ಸಾಲದೆ ಬಂದಾಗ ಮಾತ್ರ ಔಷಧಕ್ಕೆ ಕೈಹಾಕಬೇಕು ಎಂಬುದು ಆತನ ನಿಲುವು. ಔಷಧವನ್ನು ಆತ ತೀಕ್ಷ್ಣವಾದ ಸೈನ್ಯದಂತೆ ಕಂಡವನು. ಸೈನ್ಯವನ್ನು ಹೊರಡಿಸಿದರೆ ಶತ್ರುವಿನೊಡನೆ ಹೊಲಗದ್ದೆಗಳೂ ಹಾಳಾಗುತ್ತವೆ. ಆತನ ಶಿಷ್ಯನಾದ ಮೆಂಗ್ ಷೆನ್ ಎಂಬವನು ಆಹಾರ ಪದಾರ್ಥಗಳ ಗುಣಗಳನ್ನೇ ಕುರಿತು ಒಂದು ಪುಸ್ತಕವನ್ನು ರಚಿಸಿದನು. ಅದರ ಹಳೆಯ ಹಸ್ತಪ್ರತಿಯ ತುಣುಕೊಂದು ದುನ್‌ಹುವಾಂಗಿನ ಗುಹೆಯಲ್ಲಿ ದೊರೆತು ಇಂದು ಲಂಡನ್ನಿನಲ್ಲಿದೆ.

ಸುನ್ ಸಿಮಿಯಾವೊ ಇರುಳುಗುರುಡಿಗೆ ಕುರಿಯ ಯಕೃತ್ತನ್ನು ತಿನ್ನಿಸುತ್ತಿದ್ದನು. ಗಂಟಲ ಮುಂದೆ ಗಡ್ಡೆಯಾಗಿ ಬೆಳೆಯುವ ಗಳಗಂಡಕ್ಕೆ ಕಡಲ ಪಾಚಿಯನ್ನು ಕೊಡುತ್ತಿದ್ದನು; ಆತನಿಗಿಂತ ಮುಂಚೆ, ನಾಲ್ಕನೆಯ ಶತಮಾನದಲ್ಲಿಯೇ, ಗೆ ಹೊಂಗ್ ಎಂಬ ವೈದ್ಯ ಕಡಲ ಪಾಚಿಯನ್ನು ಮದ್ಯದಲ್ಲಿ ನೆನೆಸಿ ಕೊಡುವ ಕ್ರಮವನ್ನು ಬರೆದಿಟ್ಟಿದ್ದನು. ಇವರಾರಿಗೂ ಜೀವಸತ್ತ್ವವೆಂದರೇನೆಂದು ಗೊತ್ತಿರಲಿಲ್ಲ. ಯಕೃತ್ತಿನಲ್ಲಿ ಹೇರಳವಾಗಿರುವ 'ಎ' ಜೀವಸತ್ತ್ವವನ್ನು ವಿಜ್ಞಾನಿಗಳು ಗುರುತಿಸಿದ್ದು 1913ರಲ್ಲಿ. ಕಡಲ ಪಾಚಿಯ ಬೂದಿಯಿಂದ ಅಯೋಡಿನ್ ದೊರೆತದ್ದು 1811ರಲ್ಲಿ. ಅದನ್ನು ಗಳಗಂಡಕ್ಕೆ ಕೊಟ್ಟು ನೋಡಿದ ವರದಿ ಜಿನೀವಾದಿಂದ ಬಂದದ್ದು 1820ರಲ್ಲಿ. ಕಾರಣ ತಿಳಿಯದೆಯೂ ಕಣ್ಣಿಟ್ಟು ನೋಡಿದವನಿಗೆ ಸತ್ಯ ಕೈಗೆಟಕಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹಾಗೆಂದು ಆ ಕಾಲದವರು ಹೇಳಿದುದೆಲ್ಲ ಸತ್ಯವೆಂದು ತಲೆಯಮೇಲೆ ಹೊತ್ತುಕೊಳ್ಳುವಂತಿಲ್ಲ. ಇದೇ ಸುನ್ ಸಿಮಿಯಾವೊನ ಇನ್ನೊಂದು ಗ್ರಂಥದಲ್ಲಿ ಮಂತ್ರಪ್ರಯೋಗಗಳಿಗೂ ಸ್ಥಳವುಂಟು. ಅದೇ ತಾಂಗ್ ವಂಶದ ಅರಸರು ಚಿರಾಯುವಾಗಬೇಕೆಂಬ ಆಸೆಯಿಂದ ಪಾದರಸ ಮೊದಲಾದ ಖನಿಜಗಳ ಗುಳಿಗೆಗಳನ್ನು ನುಂಗಿ ಅಲ್ಪಾಯುಗಳಾದರು. 846ರಲ್ಲಿ ಮಡಿದ ವೂಜೋಂಗ್ ಚಕ್ರವರ್ತಿಯ ಮರಣಕ್ಕೂ ಇಂಥ ಗುಳಿಗೆಗಳೇ ಕಾರಣವೆಂದು ಚರಿತ್ರೆಕಾರರು ಹೇಳುತ್ತಾರೆ. ಒಂದೇ ದೇಶ, ಒಂದೇ ಕಾಲ: ಗುಡಿಸಲಲ್ಲಿ ಗಂಜಿಯ ಬಟ್ಟಲು, ಅರಮನೆಯಲ್ಲಿ ಅಮರತ್ವದ ಗುಳಿಗೆ. ಯಾವುದು ಯಾರನ್ನು ಕಾಪಾಡಿತೆಂಬುದು ಸ್ಪಷ್ಟವಾಗಿಯೇ ಇದೆ.

ಈ ಶಾಸ್ತ್ರಕ್ಕೂ ನಮ್ಮ ದೇಶಕ್ಕೂ ನೇರವಾದ ಕೊಡುಕೊಳೆ ಇದ್ದಿತೆಂಬುದನ್ನು ಇಲ್ಲಿ ಹೇಳಬೇಕು; ಭಾಷೆಯ ಪಾಠ ಹೇಳುವ ನನಗೆ ಅದರ ಗುರುತುಗಳು ಶಬ್ದಗಳಲ್ಲಿಯೇ ಕಾಣುತ್ತವೆ. ಹಿಪ್ಪಲಿಗೆ ಚೀನೀ ಭಾಷೆಯಲ್ಲಿ 'ಬಿಬೊ' ಎಂದು ಹೆಸರು. ಅದು ಸಂಸ್ಕೃತದ 'ಪಿಪ್ಪಲೀ' ಶಬ್ದದ ರೂಪಾಂತರ. ಅಳಲೆಕಾಯಿಗೆ ಅವರಲ್ಲಿ ಪ್ರಾಚೀನ ಕಾಲದಿಂದ ಬಂದ ಹೆಸರು 'ಹರೀತಕೀ' ಶಬ್ದಕ್ಕೆ ಸಂಬಂಧಿಸಿದ್ದು. ನಮ್ಮ ಪಶ್ಚಿಮಘಟ್ಟದ ಸೊತ್ತಾದ ಮೆಣಸು 659ರ ತಾಂಗ್ ರಾಜಾಜ್ಞೆಯ ಔಷಧ ಗ್ರಂಥದಲ್ಲಿಯೇ ಸೇರಿಕೊಂಡಿತ್ತು. 'ಹೂಜಿಯಾವ್' ಎಂಬ ಅದರ ಹೆಸರಿಗೆ ಪರದೇಶಿಗಳ ಮೆಣಸೆಂದು ಅರ್ಥ. 777ರಲ್ಲಿ ಯುವಾನ್ ಜಾಯ್ ಎಂಬ ಲಂಚಕೋರ ಮಂತ್ರಿಯನ್ನು ಕೊಲ್ಲಿಸಿ ಅವನ ಮನೆಯನ್ನು ಜಪ್ತಿಮಾಡಿದಾಗ 800 ಹೇರು ಮೆಣಸು ಸಿಕ್ಕಿತಂತೆ. ಲಂಚವನ್ನು ಮೆಣಸಿನಲ್ಲಿ ಅಳೆಯುತ್ತಿದ್ದ ಕಾಲ ಅದು! 671ರಲ್ಲಿ ಚೀನಾದಿಂದ ಹೊರಟು ನಾಲಂದದಲ್ಲಿ ಬಹುಕಾಲ ನಿಂತ ಯಾತ್ರಿಕ ಇತ್ಸಿಂಗನು ಎರಡು ದೇಶಗಳ ವೈದ್ಯವನ್ನೂ ಹೋಲಿಸಿ ಬರೆದಿದ್ದಾನೆ. ಜಿನ್ಸೆಂಗಿನಂಥ ಮೂಲಿಕೆಗಳು ಭಾರತದಲ್ಲಿಲ್ಲವೆಂದು ಆತ ಗುರುತಿಸಿದ್ದಾನೆ. ಕಾಯಿಲೆ ಬಿದ್ದೊಡನೆ ಭಾರತೀಯರು ಮೊದಲು ಉಪವಾಸ ಮಾಡುವ ಪದ್ಧತಿಯನ್ನು ಮೆಚ್ಚಿ ವರ್ಣಿಸಿದ್ದಾನೆ. ಲಂಘನವೇ ಪರಮೌಷಧವೆಂಬ ನಮ್ಮವರ ಮಾತನ್ನು ಅಂದಿನ ಚೀನಾಕ್ಕೆ ಹೊತ್ತೊಯ್ದ ಕೀರ್ತಿ ಆತನಿಗೆ ಸಲ್ಲಬೇಕು.

ಸಾವಿರಾರು ವರ್ಷಗಳ ಈ ಅನುಭವವನ್ನು ಒಂದೆಡೆ ಕೂಡಿಹಾಕಿ ಜರಡಿ ಹಿಡಿದವನು ಮಿಂಗ್ ಕಾಲದ ಲೀ ಷಿಜೆನ್. 1518ರಲ್ಲಿ ಒಬ್ಬ ವೈದ್ಯನ ಮಗನಾಗಿ ಹುಟ್ಟಿದ ಈತ ಸರ್ಕಾರಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋತು ತಂದೆಯ ವೃತ್ತಿಗೇ ಬಂದನು. ಪರೀಕ್ಷೆಯಲ್ಲಿ ನಪಾಸಾದ ಮಕ್ಕಳ ತಂದೆತಾಯಿಗಳು ಈ ಹೆಸರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಇಪ್ಪತ್ತೇಳು ವರ್ಷ ದುಡಿದು 1578ರಲ್ಲಿ ಆತ ಪೂರೈಸಿದ 'ಬೆಂತ್ಸಾವೊ ಗಾಂಗ್‌ಮು' ಎಂಬ ಗ್ರಂಥದಲ್ಲಿ 1,892 ಪದಾರ್ಥಗಳ ವರ್ಣನೆಯೂ, ಹನ್ನೊಂದು ಸಾವಿರಕ್ಕೆ ಮೀರಿದ ಔಷಧ ಯೋಗಗಳೂ ಇವೆ. ಅದರ ಹದಿನಾರು ವಿಭಾಗಗಳಲ್ಲಿ ಧಾನ್ಯ, ತರಕಾರಿ, ಹಣ್ಣು ಎಂಬ ಮೂರು ವಿಭಾಗಗಳು ನಮ್ಮ ಪೇಟೆಯ ತರಕಾರಿ ಸಾಲನ್ನು ನೆನಪಿಗೆ ತರುತ್ತವೆ. ಅಮೆರಿಕದಿಂದ ಆಗತಾನೇ ಬಂದಿದ್ದ ಮೆಕ್ಕೆಜೋಳವನ್ನೂ ಆತ ಬಿಟ್ಟಿಲ್ಲ. ಹಳೆಯ ಗ್ರಂಥಗಳ ತಪ್ಪುಗಳನ್ನು ತಿದ್ದಿ, ಪಾದರಸದ ಗುಳಿಗೆಗಳನ್ನು ಹೊಗಳಿದವರನ್ನು ಖಂಡಿಸಿದ ಈತ ತನ್ನ ಗ್ರಂಥ 1596ರಲ್ಲಿ ನಾನ್‌ಜಿಂಗಿನಲ್ಲಿ ಅಚ್ಚಾಗಿ ಬಂದದ್ದನ್ನು ನೋಡಲು ಉಳಿದಿರಲಿಲ್ಲ. 2011ರಲ್ಲಿ ಯುನೆಸ್ಕೊ ಸಂಸ್ಥೆ ಅದನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ಶಾಸ್ತ್ರ ಇಂದಿನ ಚೀನೀ ಗೃಹಿಣಿಯ ಕೈಯಲ್ಲಿ ಯಾವ ರೂಪ ತಾಳಿದೆ? ಬಹು ಸರಳವಾದ ರೂಪ. ಬೇಸಿಗೆಯ ಧಗೆಗೆ ಹೆಸರುಕಾಳನ್ನು ಬೇಯಿಸಿದ ತಿಳಿ. ಒಣ ಕೆಮ್ಮಿಗೆ ಕಲ್ಲುಸಕ್ಕರೆ ಹಾಕಿ ಬೇಯಿಸಿದ ಮರಸೇಬು. ಕಣ್ಣುರಿಗೆ ಒಣಗಿದ ಸೇವಂತಿಗೆಯ ಹೂವಿನ ಚಹ. ನಿತ್ರಾಣಕ್ಕೆ ತಾವರೆ ಬೀಜ, ಕೆಂಪು ಎಲಚಿ, ಗೆಣಸಿನ ಜಾತಿಯ ಒಂದು ಗಡ್ಡೆ ಹಾಕಿದ ಗಂಜಿ. ಗಂಜಿಯೇ ಇವೆಲ್ಲಕ್ಕೂ ರಾಜ. ಒಂದು ಪಾವು ಅಕ್ಕಿಗೆ ಎಂಟು ಹತ್ತು ಪಾವು ನೀರಿಟ್ಟು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ, ಅಗುಳು ಅರಳಿ ನೀರಿನೊಡನೆ ಒಂದಾದಾಗ ಅದು ಸಿದ್ಧ. ಚಾಂದ್ರಮಾನದ ಹನ್ನೆರಡನೆಯ ತಿಂಗಳ ಎಂಟನೆಯ ದಿನ ಧಾನ್ಯ, ಕಾಳು, ಒಣಹಣ್ಣುಗಳನ್ನೆಲ್ಲ ಕೂಡಿಸಿ ಬೇಯಿಸಿದ ಗಂಜಿಯನ್ನು ನೆರೆಹೊರೆಗೆ ಹಂಚುವ ಸಂಪ್ರದಾಯವುಂಟು. ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತದ ಬೀದಿಗಳಲ್ಲಿ ಕಹಿಯಾದ 'ತಂಪು ಚಹ'ದ ಅಂಗಡಿಗಳಿವೆ. 2006ರಲ್ಲಿ ಅಲ್ಲಿಯ ಸರ್ಕಾರ ಅದನ್ನು ರಾಷ್ಟ್ರದ ಪರಂಪರೆಯೆಂದು ಘೋಷಿಸಿತು.

ಬಾಣಂತಿಯ ಆರೈಕೆಯಲ್ಲಿಯೂ ಅವರು ನಮ್ಮವರಿಗೆ ಸರಿಸಮಾನರು. ಹೆರಿಗೆಯ ಅನಂತರದ ಒಂದು ತಿಂಗಳನ್ನು 'ತಿಂಗಳು ಕೂರುವುದು' ಎನ್ನುತ್ತಾರೆ. ಶುಂಠಿ, ಎಳ್ಳೆಣ್ಣೆ, ಅಕ್ಕಿಯ ಮದ್ಯ ಸೇರಿದ ಕೋಳಿಯ ಸಾರು ತೈವಾನಿನ ಪದ್ಧತಿ. ಶುಂಠಿ, ಸಿಹಿ ಕಾಡಿ, ಮೊಟ್ಟೆ, ಹಂದಿಯ ಕಾಲು ಸೇರಿದ ಪಾಕ ಗುವಾಂಗ್‌ಡಾಂಗಿನದು. ಹೆತ್ತವಳಿಗೆ ವಿಶ್ರಾಂತಿ, ಪುಷ್ಟಿಯಾದ ಊಟ, ಹಿರಿಯರ ಆಸರೆ ಇವು ಯಾವ ಕಾಲಕ್ಕೂ ಸಲ್ಲುವ ಮಾತು. ಆದರೆ ಕಿಟಕಿ ಮುಚ್ಚಿ, ಕಂಬಳಿ ಹೊದಿಸಿ, ಸ್ನಾನವನ್ನೂ ಹಣ್ಣನ್ನೂ ನಿಷೇಧಿಸುವ ಹಟಕ್ಕೆ ಇಳಿದರೆ ಆರೈಕೆಯೇ ಅಪಾಯವಾದೀತು. ಬಿಸಿಲು ಕಾಲದಲ್ಲಿ ಹಾಗೆ ಮಾಡಿ ತಾಪದ ಹೊಡೆತಕ್ಕೆ ಬಾಣಂತಿಯರು ಪ್ರಾಣ ಕಳೆದುಕೊಂಡ ಪ್ರಸಂಗಗಳು ಚೀನಾದಲ್ಲಿಯೇ ವರದಿಯಾಗಿವೆ.

ಇಲ್ಲಿಗೆ ಬಂದಾಗ ನನಗೆ ಒಂದು ಕಾದಂಬರಿ ನೆನಪಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ತ್ಸಾವೊ ಷುಯೆಚಿನ್ ಬರೆದ 'ಕೆಂಪು ಮಹಡಿಯ ಕನಸು' ಚೀನೀ ಸಾಹಿತ್ಯದ ಮುಕುಟಪ್ರಾಯವಾದ ಕೃತಿ. ಅದರ ನಾಯಿಕೆ ದಾಯ್‌ಯೂ ತಾಯಿತಂದೆಗಳಿಲ್ಲದ ಹುಡುಗಿ, ಸಿರಿವಂತ ಬಂಧುಗಳ ಮನೆಯ ಆಶ್ರಿತೆ, ತೀರದ ಕೆಮ್ಮಿನಿಂದ ಬಳಲುವವಳು. ನಲವತ್ತೈದನೆಯ ಅಧ್ಯಾಯದಲ್ಲಿ ಬಾವೊಚಾಯ್ ಎಂಬ ಗೆಳತಿ ಅವಳನ್ನು ನೋಡಲು ಬರುತ್ತಾಳೆ. ಔಷಧದ ಚೀಟಿಯಲ್ಲಿ ಜಿನ್ಸೆಂಗ್ ಮತ್ತು ಚಕ್ಕೆ ಅತಿಯಾದುವು, ಅವು ಉಷ್ಣ, ಅದಕ್ಕಿಂತ ದಿನವೂ ಬೆಳಗ್ಗೆ ಹಕ್ಕಿಗೂಡನ್ನು ಕಲ್ಲುಸಕ್ಕರೆಯೊಡನೆ ಬೆಳ್ಳಿಯ ಪಾತ್ರೆಯಲ್ಲಿ ಗಂಜಿಯಾಗಿ ಬೇಯಿಸಿ ಕುಡಿ ಎಂದು ಹೇಳುತ್ತಾಳೆ. ಹಕ್ಕಿಗೂಡೆಂದರೆ ಬಾನಾಡಿಗಳ ಜಾತಿಯ ಪುಟ್ಟ ಹಕ್ಕಿಯೊಂದು ತನ್ನ ಜೊಲ್ಲಿನಿಂದ ಕಟ್ಟುವ ಗೂಡು. ಚೀನೀಯರಿಗೆ ಅದು ದುಬಾರಿ ಪಥ್ಯ. ದಾಯ್‌ಯೂಗೆ ಸಂಕೋಚ. ಈಗಾಗಲೇ ತನ್ನ ಔಷಧಕ್ಕಾಗಿ ಮನೆಯವರಿಗೆ ತೊಂದರೆ. ಇನ್ನು ಇದನ್ನೂ ಕೇಳಿದರೆ ಆಳುಕಾಳುಗಳು ಸಹ ಗೊಣಗಿಯಾರು. ಅಂದಿನ ರಾತ್ರಿ ಮಳೆ ಸುರಿಯುತ್ತಿರುವಾಗ ಕೊಡೆ ಹಿಡಿದು, ಲಾಂದ್ರ ಹೊತ್ತಿಸಿಕೊಂಡು ಒಬ್ಬ ಮುದುಕಿ ಬರುತ್ತಾಳೆ. ಗೆಳತಿ ಕಳುಹಿಸಿದ ಹಕ್ಕಿಗೂಡಿನ ಪೊಟ್ಟಣ, ಸಕ್ಕರೆಯ ಪೊಟ್ಟಣ ಅವಳ ಕೈಯಲ್ಲಿ.

ಆಹಾರ ಚಿಕಿತ್ಸೆಯ ಶಕ್ತಿಯೂ ಮಿತಿಯೂ ಈ ಒಂದು ಪ್ರಸಂಗದಲ್ಲಿವೆಯೆಂದು ನನಗೆ ತೋರುತ್ತದೆ. ಯಾರಿಗೂ ಬೇಡವಾದೆನೆಂದು ಕೊರಗುವ ಜೀವಕ್ಕೆ ಆ ಪೊಟ್ಟಣ ಕೊಟ್ಟ ನೆಮ್ಮದಿಯನ್ನು ಯಾವ ಮಾತ್ರೆಯೂ ಕೊಡಲಾರದು. ಆದರೆ 1791ರಲ್ಲಿ ಅಚ್ಚಾದ ಪೂರ್ಣ ಆವೃತ್ತಿಯಲ್ಲಿ ದಾಯ್‌ಯೂ ರಕ್ತ ಕಾರಿ ಸಾಯುತ್ತಾಳೆ. ಲಕ್ಷಣಗಳನ್ನು ನೋಡಿದ ಅನೇಕ ಓದುಗರು ಅದನ್ನು ಕ್ಷಯವೆಂದೇ ಎಣಿಸಿದ್ದಾರೆ. ಕ್ಷಯದ ಕ್ರಿಮಿಯನ್ನು ಮೊದಲಿಗೆ ಮಣಿಸಿದ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಅವಳ ಕಾಲದಲ್ಲಿ ಅದು ಇರಲಿಲ್ಲ. ನಮ್ಮ ಕಾಲದಲ್ಲಿ ಔಷಧವಿದ್ದೂ, ಅದನ್ನು ಬಿಟ್ಟು ಗಂಜಿಯೊಂದನ್ನೇ ನೆಚ್ಚಿದವನ ಪಾಡಿಗೆ ಯಾರನ್ನು ದೂರೋಣ?

ಹಳೆಯ ಗ್ರಂಥದ ಸುಳಿವಿಗೂ ಪರೀಕ್ಷಿಸಿದ ಔಷಧಕ್ಕೂ ಇರುವ ಅಂತರವನ್ನು ಚೀನಾದ ವಿಜ್ಞಾನಿ ತೂ ಯೂಯೂ ಅವರ ಕಥೆ ಚೆನ್ನಾಗಿ ತಿಳಿಸುತ್ತದೆ. ಮಲೇರಿಯಾ ಜ್ವರಕ್ಕೆ ಮದ್ದು ಹುಡುಕುತ್ತಿದ್ದ ಅವರಿಗೆ ಗೆ ಹೊಂಗನ ಗ್ರಂಥದಲ್ಲಿ, ಒಂದು ಜಾತಿಯ ಮಾಚಿಪತ್ರೆಯ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂಬ ಸೂಚನೆ ಕಂಡಿತು. ಕುದಿಸೆಂದು ಅಲ್ಲಿ ಹೇಳಿರಲಿಲ್ಲ. ಬಿಸಿಗೆ ಸತ್ತ್ವ ನಾಶವಾಗುತ್ತದೆಯೆಂದು ಊಹಿಸಿದ ಅವರು 1971ರಲ್ಲಿ ಕಡಿಮೆ ಉಷ್ಣದಲ್ಲಿ ಈಥರಿನಿಂದ ಸಾರ ತೆಗೆದು ಗೆದ್ದರು. ಆರ್ಟಿಮಿಸಿನಿನ್ ಎಂಬ ಆ ಔಷಧ ಲಕ್ಷಾಂತರ ಪ್ರಾಣಗಳನ್ನು ಉಳಿಸಿತು. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಸುಳಿವು ಹಿರಿಯರದು, ಪರೀಕ್ಷೆ ಪ್ರಯೋಗಶಾಲೆಯದು. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಪರೀಕ್ಷೆ ಎಲ್ಲಿ ತಪ್ಪಿತೋ ಅಲ್ಲಿ ಅನಾಹುತವಾಗಿದೆ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ಮೈ ಇಳಿಸಿಕೊಳ್ಳಲೆಂದು ಚೀನೀ ಮೂಲಿಕೆಗಳ ಮಾತ್ರೆ ನುಂಗಿದ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಕೆಟ್ಟವು. ಒಂದು ಬೇರಿನ ಬದಲಿಗೆ ಹೆಸರಿನಲ್ಲಿ ಅದನ್ನು ಹೋಲುವ ವಿಷದ ಬೇರು ಸೇರಿಕೊಂಡದ್ದು ಅದಕ್ಕೆ ಕಾರಣ. ಕೆಂಪು ಬೂಷ್ಟು ಹಿಡಿಸಿದ ಅಕ್ಕಿ ಚೀನೀಯರ ಅಡುಗೆಗೆ ಬಣ್ಣ ಕೊಡುವ ಹಳೆಯ ಪದಾರ್ಥ. ಕೊಲೆಸ್ಟರಾಲನ್ನು ಇಳಿಸುವ ಲೊವಾಸ್ಟಾಟಿನ್ ಎಂಬ ಔಷಧದ ದ್ರವ್ಯವೇ ಅದರಲ್ಲಿದೆಯೆಂದು ತಿಳಿದಮೇಲೆ ಅದು ಮಾತ್ರೆಯಾಗಿ ಮಾರಾಟಕ್ಕೆ ಬಂದಿತು. 2024ರಲ್ಲಿ ಜಪಾನಿನಲ್ಲಿ ಅಂಥ ಮಾತ್ರೆಗಳನ್ನು ತಿಂದವರ ಮೂತ್ರಪಿಂಡಗಳು ಕೆಟ್ಟು, ನೂರಾರು ಜನ ಆಸ್ಪತ್ರೆ ಸೇರಿ, ಸರಕನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು. ಸಾಮಾನ್ಯವೆನಿಸುವ ಜ್ಯೇಷ್ಠಮಧುವೂ ಅತಿಯಾದರೆ ರಕ್ತದೊತ್ತಡವನ್ನು ಏರಿಸಿ, ದೇಹದ ಪೊಟ್ಯಾಸಿಯಮ್ಮನ್ನು ಇಳಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ಗೋಜಿಯ ಕಷಾಯ ಕುಡಿದಾಗ ಮಾತ್ರೆಯ ಪ್ರಭಾವ ಮಿತಿಮೀರಿದ ಪ್ರಸಂಗಗಳೂ ವರದಿಯಾಗಿವೆ. ತಟ್ಟೆಯಲ್ಲಿದ್ದಾಗ ಆಹಾರವಾಗಿದ್ದುದು ಭಟ್ಟಿಯಿಳಿದು ಮಾತ್ರೆಯಾದಾಗ ಔಷಧವಾಗುತ್ತದೆ. ಔಷಧಕ್ಕೆ ಸಲ್ಲಬೇಕಾದ ಭಯಭಕ್ತಿ ಅದಕ್ಕೂ ಸಲ್ಲಬೇಕು.

ಗೋಜಿ ಹಣ್ಣು ತಿಂದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಡಬಹುದೇ ಎಂಬ ಪ್ರಶ್ನೆಯನ್ನು ವಿದ್ಯಾವಂತರೂ ಕೇಳುವುದನ್ನು ನಾನು ಬಲ್ಲೆ. ಬಿಡಬಾರದು. ಕೇಳಬೇಕಾದ ವೈದ್ಯರನ್ನು ಕೇಳದೆ ಅಂಗಡಿಯವನನ್ನು ಕೇಳಿದರೆ ಅವನು ಬೇರೆ ಉತ್ತರ ಕೊಟ್ಟಾನು. ಅವನಿಗೆ ಮಾರುವುದು ಮುಖ್ಯ. ಗರ್ಭಿಣಿಯರು, ಎಳೆಯ ಮಕ್ಕಳು, ದಿನವೂ ಮಾತ್ರೆ ಸೇವಿಸುವ ಹಿರಿಯರು ಇರುವ ಮನೆಯಲ್ಲಂತೂ ಹೊಸ ಮೂಲಿಕೆಯೊಂದನ್ನು ತರುವ ಮುನ್ನ ವೈದ್ಯರಿಗೆ ಒಂದು ಮಾತು ತಿಳಿಸಬೇಕು. ಶುಂಠಿ ವಾಕರಿಕೆಯನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆಯೆಂದು ಇಂದಿನ ಪರೀಕ್ಷೆಗಳೂ ಹೇಳುತ್ತವೆ. 'ಚೀ' ಎಂಬ ಶಕ್ತಿಯಾದರೋ ಇದುವರೆಗೆ ಯಾವ ಯಂತ್ರಕ್ಕೂ ಸಿಕ್ಕಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಚೀನಾ ಸರ್ಕಾರವೇ ಈ ಗಡಿಯನ್ನು ಗುರುತಿಸಲು ಪ್ರಯತ್ನಿಸಿದೆ. ಆಹಾರವೂ ಹೌದು, ಔಷಧವೂ ಹೌದು ಎನ್ನಬಹುದಾದ ಪದಾರ್ಥಗಳ ಒಂದು ಪಟ್ಟಿಯನ್ನು ಅದು 2002ರಲ್ಲಿ ಪ್ರಕಟಿಸಿತು. ಶುಂಠಿ, ಕೆಂಪು ಎಲಚಿ, ತಾವರೆ ಬೀಜ, ಗೋಜಿ, ಸೇವಂತಿಗೆ, ಜೇನುತುಪ್ಪ ಮೊದಲಾಗಿ 87 ಪದಾರ್ಥಗಳು ಅದರಲ್ಲಿದ್ದುವು. ಅನಂತರ ಸೇರಿದುವೂ ಕೂಡಿ ಈಗ ಪಟ್ಟಿ ನೂರನ್ನು ದಾಟಿದೆ. 2019ರಲ್ಲಿ ಸೇರಿದ ಆರರಲ್ಲಿ ನಮ್ಮ ಅರಿಶಿನವೂ ಹಿಪ್ಪಲಿಯೂ ಇವೆ. ಆದರೆ ಸಂಬಾರ ಪದಾರ್ಥವಾಗಿ ಮಾತ್ರ ಬಳಸಬೇಕೆಂಬ ಕಟ್ಟಳೆಯೊಡನೆ. ಸಾವಿರಾರು ಮೂಲಿಕೆಗಳಿರುವ ದೇಶ ಅಡುಗೆಮನೆಗೆಂದು ಆರಿಸಿದ್ದು ನೂರೇ ಚಿಲ್ಲರೆ. ಉಳಿದುವೆಲ್ಲ ವೈದ್ಯನ ಪೆಟ್ಟಿಗೆಯಲ್ಲಿಯೇ ಇರಲಿ ಎಂದು ಅದರ ಅರ್ಥ.

ಚೀನೀಯರಿಂದ ನಾವು ಕಲಿಯಬೇಕಾದದ್ದು ದೂರದೇಶದ ಹಣ್ಣಿನ ಪೊಟ್ಟಣದಲ್ಲಿಲ್ಲ. ಉಣ್ಣುವವನ ಮುಖ ನೋಡಿ ಬಡಿಸಬೇಕು. ಋತು ನೋಡಿ ಒಲೆ ಹೊತ್ತಿಸಬೇಕು. ಸಣ್ಣ ಜಡ್ಡಿಗೆ ದೊಡ್ಡ ಮದ್ದನ್ನು ಹುಡುಕಬಾರದು. ದೊಡ್ಡ ಜಡ್ಡಿಗೆ ಸಣ್ಣ ಮದ್ದನ್ನು ನಂಬಿ ಕೂರಬಾರದು. ಇದಕ್ಕೆ ಬೇಕಾದ ಅಕ್ಕಿ, ಹೆಸರು, ಶುಂಠಿಗಳು ನಮ್ಮ ಮನೆಯ ಡಬ್ಬಗಳಲ್ಲಿಯೇ ಇವೆ. 'ಜೌ ಲೀ'ಯ ಪಟ್ಟಿಯಲ್ಲಿ ಆಹಾರದ ವೈದ್ಯನ ಹೆಸರು ಮೊದಲಿದ್ದರೂ, ಅವನ ಬೆನ್ನಿಗೇ ಕಾಯಿಲೆಯ ವೈದ್ಯನ ಹೆಸರಿದೆ. ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಿಜ. ಆದರೆ ರೋಗ ಬಂದಾಗ ವೈದ್ಯರ ಮನೆಯ ದಾರಿಯನ್ನು ಬಲ್ಲವನೇ ಊಟವನ್ನೂ ಚೆನ್ನಾಗಿ ಬಲ್ಲವನು.